ಗೇಜಿಗೆ ಗೋಪೂಜೆ

ನಾಗಸಂದ್ರದ ನಮ್ಮ ವರ್ಕ್‌ಶಾಪಿನಲ್ಲಿ ನನ್ನ ಬಾಯಿಗೆ ಸಿಕ್ಕಿ ಮರ್ಯಾದೆ ಉಳಿಸಿಕೊಂಡವರು ಯಾರೂ ಇಲ್ಲ. ಡ್ರಿಲ್ಲಿಂಗ್ ಮಷೀನಿನಲ್ಲೂ ನನ್ನ ಕೈಗೆ ಸಮನಾದ ಕೈ ಇರಲಿಲ್ಲ, ಅದು ಬೇರೆ ಮಾತು. ನಾವು ಮಾಡುತ್ತಿದ್ದದ್ದು ಸೈನ್ಯದ ಕಾರ್ಬೈನಿನ ಗ್ಯಾಸ್ ಬ್ಲಾಕು. ಗುಂಡು ಹಾರಿದಾಗ ನಳಿಗೆಯೊಳಗಿನ ಗ್ಯಾಸನ್ನು ಒಂದಿಷ್ಟು ಕದ್ದು, ಮುಂದಿನ ಗುಂಡು ಏರಿಸಲು ಹಿಂದಕ್ಕೆ ತಳ್ಳುವ ಪುಟ್ಟ ಉಕ್ಕಿನ ತುಂಡು ಅದು. ಗ್ಯಾಸು ಹಾಯುವ ಅದರ ತೂತು ಚಿಕ್ಕದಾದರೆ ಎರಡನೇ ಗುಂಡು ಏರುವುದಿಲ್ಲ. ದೊಡ್ಡದಾದರೆ ಬಂದೂಕು ತನ್ನನ್ನು ತಾನೇ ಒದ್ದುಕೊಂಡು ಹಾಳಾಗುತ್ತದೆ. ಡ್ರಾಯಿಂಗು ಒಂದೇ, ಮಷೀನು ಒಂದೇ, ಆದರೂ ಎರಡು ತೂತು ಅಣ್ಣತಮ್ಮಂದಿರ ಹಾಗೆ. ಹೋಲುತ್ತವೆ, ಹೊಂದುವುದಿಲ್ಲ.

ಆ ವ್ಯತ್ಯಾಸ ಹಿಡಿಯುವವನು ನನ್ನ ಹಳೇ ಗೆಳೆಯ, ಕೊಡಿಗೇಹಳ್ಳಿಯವನು. ಅವನ ಕೈಯಲ್ಲಿ ತೂತಿನ ಅಳತೆ ನೋಡುವ ಎರಡು ತುದಿಯ ಗೇಜು. ‘ಗೋ’ ತುದಿ ತೂತಿಗೆ ಇಳಿಯಬೇಕು, ‘ನೋ-ಗೋ’ ತುದಿ ಇಳಿಯಬಾರದು. ಕಣ್ಣಿಗೆ ಪೊರೆ ಬಂದು ಅವನಿಗೆ ಎಲ್ಲವೂ ಮಂಜು ಮಂಜು. ಬೆರಳಿನ ರೂಢಿಯ ಮೇಲೆ ದಿನ ತಳ್ಳುತ್ತಿದ್ದ. ಓನರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆಯುಧಪೂಜೆ ಮುಗಿಸಿ ಕೆಲಸ ಶುರುವಾದ ದಿನ ಅವನು ಟ್ರೇಗಟ್ಟಲೆ ಮಾಲನ್ನು ರಿಜೆಕ್ಟ್ ಎಂದು ಪಕ್ಕಕ್ಕಿಟ್ಟ. ಎಲ್ಲವೂ ನಾನು ಕೊರೆದದ್ದು. ಬಾಗಲಗುಂಟೆಯ ಹೊಲಗಳನ್ನು ಬಿಲ್ಡಿಂಗು ಮಾಡಿಕೊಂಡಿದ್ದ ನಮ್ಮ ಓನರ್ ನನ್ನ ಮೇಲೆ ಎಗರಿದರು.

“ಏನ್ ಯಜಮಾನ್ರೇ, ಇಂಗೆ ತೂತು ಕೊರುದ್ರೆ ಮಿಲಿಟ್ರಿಯೋರು ನನ್ನೇ ಕೊರೀತಾರೆ!”

ನಾನು ಗೆಳೆಯನ ಗೇಜನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ಹಬ್ಬದ ದಿನ ಅವನೇ ಹಚ್ಚಿದ ಗಂಧ, ಕುಂಕುಮ ‘ಗೋ’ ತುದಿಯ ಮೇಲೆ ಒಣಗಿ ಕಚ್ಚಿಕೊಂಡಿತ್ತು; ಆ ದಪ್ಪಕ್ಕೆ ಅದು ಸರಿಯಾದ ತೂತಿಗೂ ಇಳಿಯುತ್ತಿರಲಿಲ್ಲ.

“ಲೋ, ಗೋಪೂಜೆ ಮಾಡಿದೀಯಲ್ಲೋ! ಇಷ್ಟು ಕೆಂಪಗಿರೋದು ಕಾಣ್ಸಲ್ವಾ ಮಗಾ?”

ಶಾಪಿಗೆ ಶಾಪೇ ನಕ್ಕಿತು. ಅವನೂ ನಕ್ಕ, ಸ್ವಲ್ಪ ತಡವಾಗಿ. ಓನರ್ ನಗಲಿಲ್ಲ. ಒಂದು ಬ್ಲಾಕನ್ನು ಅವನ ಅಂಗೈಗಿಟ್ಟು, “ಇದ್ರ ಮೇಲಿರೋ ನಂಬರ್ ಓದಿ,” ಎಂದರು.

ಅವನು ಹೆಬ್ಬೆರಳಿನಿಂದ ಅದನ್ನು ಸವರಿದ. ತಿರುಗಿಸಿ ಮತ್ತೆ ಸವರಿದ.

“ಓದು ಅಂದ್ರೆ ಮುದ್ದಾಡ್ತೀಯಲ್ಲೋ,” ಎಂದೆ. ಇನ್ನೊಂದು ಸಲ ನಗು.

“ನಾಳೆಯಿಂದ ಮನೇಲಿರಿ,” ಎಂದು ಓನರ್ ಒಳಗೆ ಹೋದರು.

ಸಂಜೆ ಗೇಟಿನ ಹತ್ತಿರ ಅವನು ನನ್ನ ತೋಳು ಹಿಡಿದು ನಿಲ್ಲಿಸಿದ.

“ನನ್ ಕಣ್ಣಿನ್ ವಿಷ್ಯ ನಿಂಗೆ ಮೊದ್ಲೇ ಗೊತ್ತಿತ್ತಲ್ವೇನೋ?”

“ಯುಗಾದಿಯಿಂದ ಗೊತ್ತು ಕಣೋ,” ಎಂದೆ. “ಜೋಕನ್ನ ಹಬ್ಬಕ್ಕೆ ಅಂತ ಇಟ್ಕೊಂಡಿದ್ದೆ.”