ತಲೆ ಎಣಿಸಿದ ಮಂಗಳವಾರ

ನನ್ನಪ್ಪನನ್ನು ಊರವರು 'ಸ್ಟೇಷನ್ನಿನ ಅಳಿಯ' ಎಂದು ರೇಗಿಸುತ್ತಿದ್ದರು. ಹೊಲಗಳ ನಡುವಿನ ಆ ಪುಟ್ಟ ರೈಲು ನಿಲ್ದಾಣಕ್ಕೆ ಅವನೊಬ್ಬನೇ ನೌಕರ. ಟಿಕೆಟ್ ಕೊಡುವವನೂ ಅವನೇ, ಕಸ ಗುಡಿಸುವವನೂ ಅವನೇ. ಅಳಿಯನ ಮರ್ಯಾದೆ ಮಾತ್ರ ಇಲಾಖೆಯಿಂದ ಒಂದು ದಿನವೂ ಸಿಗಲಿಲ್ಲ.

ದಿನಕ್ಕೆರಡು ಗಾಡಿ, ನಲವತ್ತು ಜನ: ಹಾಲಿನ ಕ್ಯಾನ್ ಹೊತ್ತ ಹೆಂಗಸರು, ಆಸ್ಪತ್ರೆಯ ನರ್ಸಮ್ಮ, ಹೈಸ್ಕೂಲಿನ ಮಕ್ಕಳು. ಒಮ್ಮೆ ಮೇಲಿನಿಂದ ಕಾಗದ ಬಂತು. ಮಂಗಳವಾರ ಸಾಹೇಬರು ತಪಾಸಣೆಗೆ ಬರುತ್ತಾರಂತೆ. ಯಾಕೆ, ಏನು, ಒಂದಕ್ಷರ ಇಲ್ಲ. ಬರೆದಿದ್ದರೆ ಅವರಪ್ಪನ ಗಂಟೇನು ಹೋಗುತ್ತಿತ್ತು!

ಅಪ್ಪ ಬೆಂಚು ತಿಕ್ಕಿದ, ಪ್ಲಾಟ್‌ಫಾರಂ ಅಂಚಿಗೆ ಸುಣ್ಣ ಬಳಿದ. ಸೋಮವಾರ ಮನೆಮನೆಗೆ ಹೋಗಿ ಬೇಡಿಕೊಂಡ: "ನಾಳೆ ಒಂದಿನ ಯಾರೂ ಸ್ಟೇಷನ್ ಕಡೆ ಸುಳೀಬೇಡ್ರಪ್ಪ. ದೊಡ್ಡೋರು ಬರ್ತಾರೆ. ಹಾಲು ಚೆಲ್ಲಿ, ಗಲಾಟೆ ಆಗಿ, ನನ್ನ ಮಾನ ಹೋಗೋದು ಬೇಡ."

"ಆಯ್ತು ಬಿಡು ಅಳಿಯಾ, ನಿನಗೋಸ್ಕರ" ಎಂದು ನಕ್ಕರು. ಮಂಗಳವಾರ ಹೆಂಗಸರು ಕ್ಯಾನ್ ಹೊತ್ತು ಪೇಟೆಗೆ ಐದು ಮೈಲಿ ನಡೆದೇ ಹೋದರು.

ಸಾಹೇಬ ಬಂದ, ಖಾಲಿ ಬೆಂಚಿನಲ್ಲಿ ಕೂತು ಚಹಾ ಕುಡಿದ, "ಚೆನ್ನಾಗಿ ಇಟ್ಕೊಂಡಿದ್ದೀಯ" ಎಂದ, ಹೋದ. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರು ತಿಂಗಳಿಗೆ ಆದೇಶ ಬಂತು: ಎಣಿಕೆಯ ದಿನ ಪ್ರಯಾಣಿಕರು ಸೊನ್ನೆ, ನಿಲ್ದಾಣ ಬಂದ್. ಅಷ್ಟು ವರ್ಷ ಮಾರಿದ ಟಿಕೆಟ್ಟಿನ ದಾಖಲೆ ಅವರದೇ ಕಪಾಟಿನಲ್ಲಿತ್ತು. ತೆಗೆದು ನೋಡಲು ಕೈಗೆ ಲಕ್ವ ಹೊಡೆದಿತ್ತೇ?

ಅಪ್ಪ ಊರವರ ಸಹಿ ಹಾಕಿಸಿಕೊಂಡು ದೊಡ್ಡ ಕಚೇರಿಗೆ ಓಡಿದ. "ಇಷ್ಟು ಜನ ಅವತ್ತು ಎಲ್ಲಿ ಸತ್ತಿದ್ರು?" ಎಂದು ಸಾಹೇಬ ಕಾಗದ ತಳ್ಳಿದ. ಅಪ್ಪ ಅದನ್ನು ಮಡಚಿಕೊಂಡು ಊರಿಗೆ ಮರಳಿದ. ಊರಲ್ಲಿ ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದನೇನೋ. ರೇಗಿಸುವುದನ್ನೂ ಬಿಟ್ಟುಬಿಟ್ಟರು.

ಮೊನ್ನೆ, ಇಪ್ಪತ್ತಾರು ವರ್ಷದ ಮೇಲೆ, ಇಲಾಖೆಯವರು ಆ ಪಾಳು ಕಟ್ಟಡಕ್ಕೆ ಇತಿಹಾಸದ ಫಲಕ ಹಾಕಿದರು. ಕಣ್ಣು ಮಂಜಾದ ಅಪ್ಪ "ಓದಮ್ಮ" ಎಂದ. ಓದಿದೆ: "ಜನರು ಬಳಸದ ಕಾರಣ ಮುಚ್ಚಲಾಯಿತು." ನನಗೆ ಮೈಯೆಲ್ಲ ಉರಿದುಹೋಯಿತು.

"ಸುಳ್ಳು ಬೊಗಳಿದ್ದಾರೆ! ತಲೆ ಎಣಿಸೋಕೆ ಬರ್ತೀವಿ ಅಂತ ಒಂದು ಮಾತು ತಿಳಿಸಿದ್ರೆ ಊರಿಗೆ ಊರೇ ಬಂದು ನಿಲ್ತಿತ್ತಲ್ಲಪ್ಪ!"

ಅಪ್ಪ ಫಲಕವನ್ನು ಅಂಗೈಯಲ್ಲಿ ಸವರಿದ. "ಜನ ಬರ್ತಿದ್ರು. ನಾನೇ ಬೇಡ ಅಂದಿದ್ದು. ಅದನ್ನ ಬರೆಸಮ್ಮ. ಊರಿನ ತಲೆಗೆ ಯಾಕೆ ಕಟ್ತಾರೆ?"

"ಬರೆಸಲ್ಲ! ತಪ್ಪು ಅವರದು!" ಎಂದು ಹುಟ್ಟಿದ ಮೇಲೆ ಮೊದಲ ಸಲ ಅವನ ಮೇಲೆ ಕಿರುಚಿದೆ.

ಅವನು ಬಗ್ಗಿ ನೆಲ ತಡಕಾಡಿ ಒಂದು ಚೂಪು ಕಲ್ಲು ಹೆಕ್ಕಿಕೊಂಡು, ಆ ಸಾಲಿನ ಕೆಳಗೆ ತನ್ನ ಹೆಸರನ್ನು ತಾನೇ ಗೀಚತೊಡಗಿದ.