ನೆಟ್ಟಿನಿಂದ ದೂರ ಬೀಳುತ್ತಿದ್ದ ಚೆಂಡು

ಟೇಲರ್ ದಾದಾಪೀರ್ ಬರುವುದನ್ನು ಕಂಡು ಮೈದಾನದ ಬದಿಯಲ್ಲಿ ಕೂತಿದ್ದ ನಾವೆಲ್ಲ ಮಾತು ನಿಲ್ಲಿಸಿ ಮಂಡಕ್ಕಿಗೆ ಕೈಹಾಕಿದೆವು. ಚರ್ಚೆ ನಡೆದಿದ್ದೇ ಅವನ ಬಗ್ಗೆ. ವಾಲಿಬಾಲ್‌ನಲ್ಲಿ ನಾವು ಹೊಡೆಯಲೆಂದು ನೆಟ್ಟಿನ ಬಳಿ ಚೆಂಡು ಎತ್ತಿಕೊಡುವ ಲಿಫ್ಟರ್ ಅವನು. ಒಂದೊಂದು ಸಲ ಒಂದೊಂದು ಕಡೆ ಎತ್ತುತ್ತಾನೆ, ಸಾಧಾರಣ ಆಟಗಾರ. ಹರಿಹರದ ಫೈನಲ್‌ಗೆ ನಮ್ಮ ವಿನೋಬನಗರ ತಂಡದಲ್ಲಿ ಅವನು ಬೇಕೇ?

ಅವನಿಗೆ ಎಲ್ಲ ಅರ್ಥವಾಗಿತ್ತು. “ಕಿರಣನ್ನೇ ಆಡ್ಸ್ರಿ, ಚುರುಕದಾನೆ” ಎಂದವನೇ ಹೊಸ ಲಿಫ್ಟರ್ ಕಿರಣನನ್ನು ನೆಟ್ಟಿನ ಹತ್ತಿರ ಕರೆದೊಯ್ದ. ಅಲ್ಲೇ ಶೂ ಕಟ್ಟಿಕೊಳ್ಳುತ್ತಿದ್ದ ನನಗೆ ಅವನ ಮಾತು ಕೇಳಿಸಿತು.

“ಮಂಜಣ್ಣಂಗೆ ನೆಟ್ಟಿಂದ ದೂರ ಎತ್ತು, ಹತ್ರ ಕೊಟ್ರೆ ಕೈ ನೆಟ್ಟಿಗೆ ತಗಲ್ತೈತೆ. ಬಸಣ್ಣಂಗೆ ಭಾಳ ಎತ್ತರ ಬ್ಯಾಡ, ಮಣಕಾಲು ನೋವೈತೆ. ಅವರಿಗೆ ಇದನ್ನ ಹೇಳಬ್ಯಾಡ, ಬೇಜಾರು ಮಾಡ್ಕೊಂತಾರೆ.”

ಮಂಜಣ್ಣ ನಾನೇ. ಶೂ ದಾರ ಕೈಯಲ್ಲೇ ಉಳಿಯಿತು. ನಾವು ಓರೆಕೋರೆ ಎಂದು ಬೈದ ಒಂದೊಂದು ಚೆಂಡನ್ನೂ ಅವನು ನಮ್ಮ ಅಳತೆ ನೋಡಿಯೇ ಎತ್ತಿದ್ದ.

ನಾನು ಹಠ ಹಿಡಿದೆ. ಹರಿಹರದಲ್ಲಿ ಅವನೇ ಆಡಿದ. ಚೆಂಡು ಎಂದಿನಂತೆ ನೆಟ್ಟಿನಿಂದ ದೂರವೇ ಬಂತು. ಈ ಸಲ ಬೈಯದೆ ಅದರತ್ತ ಹಾರಿ ಹೊಡೆದೆ.