ಸುಬ್ಬತ್ತೆಗೆ ಅರಳುಮರಳಾಗಿರಲಿಲ್ಲ

ನಮ್ಮ ಸುಬ್ಬತ್ತೆಗೆ ಅರಳುಮರಳು ಎಂದು ಕಿಗ್ಗದಿಂದ ಕೊಪ್ಪದವರೆಗೆ ಎಲ್ಲರೂ ನಂಬಿದ್ದಾರೆ. ನಂಬಲಿ ಬಿಡು ಎಂದು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಅವಳಿಗೆ ಆದದ್ದು ಮೂತ್ರಕೋಶದ ಸೋಂಕು. ಮೊದಲ ಸಲವೇ ನೀರು ಕುಡಿದು ಸರಿಯಾಗಿ ಮಾತ್ರೆ ನುಂಗಿದ್ದರೆ ವಾರದೊಳಗೆ ವಾಸಿಯಾಗಿ ಮರೆತೇ ಹೋಗುವಂಥದ್ದು.

ಸುಬ್ಬತ್ತೆ ಎಂದರೆ ಸುಬ್ಬಮ್ಮ, ನನ್ನ ಅಪ್ಪನ ಅಕ್ಕ. ಗಂಡ ಘಟ್ಟ ಇಳಿದು ಹೋದವನು ತಿರುಗಿ ಬರಲಿಲ್ಲ. ಅವಳು ಕಿಗ್ಗದ ನಮ್ಮ ಮನೆಗೆ ಬಂದವಳೇ ಒಲೆಯ ಮುಂದೆ ನಿಂತಳು. ತಿಥಿ ಅಡುಗೆಗೆ ಸುತ್ತಲಿನ ಊರುಗಳಲ್ಲಿ ಅವಳದೇ ಹೆಸರು. ಬ್ರಾಹ್ಮಣರಿಗೆ ಬಡಿಸುವವರೆಗೆ ತಿಥಿ ಅಡುಗೆಯ ರುಚಿ ನೋಡುವ ಹಾಗಿಲ್ಲ. ಸುಬ್ಬತ್ತೆಗೆ ಎಲ್ಲ ಕೈ ಅಳತೆ, ಒಂದು ಸಲವೂ ಉಪ್ಪು ತಪ್ಪಿದ್ದಿಲ್ಲ. ಆ ಹೆಮ್ಮೆ ಅವಳಿಗಿತ್ತು. ಇನ್ನೊಂದು ಹೆಮ್ಮೆಯೂ ಇತ್ತು, ಅದೇ ಅವಳನ್ನು ತಿಂದುಹಾಕಿತು. ಮಿಂದು ಮಡಿಯುಟ್ಟು ಅಡುಗೆಮನೆ ಹೊಕ್ಕರೆ ಊಟ ಮುಗಿಯುವವರೆಗೆ ಅವಳು ಬಚ್ಚಲ ಕಡೆ ತಲೆ ಹಾಕುತ್ತಿರಲಿಲ್ಲ. ಮೂತ್ರಕ್ಕೆ ಹೋದರೆ ಮಡಿ ಹೋಯಿತು, ಮತ್ತೆ ಮೀಯಬೇಕು, ಅಷ್ಟರಲ್ಲಿ ಒಲೆಯ ಮೇಲಿನದು ಸೀದುಹೋಗುತ್ತದೆ. ಅದಕ್ಕೆ ಅವಳು ಕಂಡುಕೊಂಡ ಉಪಾಯ, ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯದಿರುವುದು. ಬೆಂಕಿಯ ಮುಂದೆ ಬಾಯೊಣಗಿಸಿಕೊಂಡು, ಬಂದದ್ದನ್ನು ತಡೆದುಕೊಂಡು ನಿಲ್ಲುವುದು. ಪಿತೃಪಕ್ಷದಲ್ಲಂತೂ ದಿನಾ ಒಂದೊಂದು ಮನೆ.

ಉರಿಮೂತ್ರ ಶುರುವಾದಾಗ ಉಷ್ಣ ಎಂದಳು. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು, ಜೀರಿಗೆ ಕಷಾಯ ಕುಡಿದಳು. ಕೊಪ್ಪದಲ್ಲಿರುವ ನಾನು ಊರಿಗೆ ಹೋಗಿದ್ದಾಗ, ಮತ್ತೆ ಮತ್ತೆ ಬಚ್ಚಲಿಗೆ ಹೋಗಿ ಮುಖ ಕಿವುಚಿಕೊಂಡು ಬರುವುದನ್ನು ಕಂಡೆ. ಕೇಳಿದರೆ, "ಎಂತದೂ ಇಲ್ಲ ಕೂಸೇ" ಎಂದಳು. ಜಗಳವಾಡಿ ಕೊಪ್ಪದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

"ಇದು ಉಷ್ಣ ಅಲ್ಲಮ್ಮ, ಕ್ರಿಮಿ" ಎಂದರು ಡಾಕ್ಟರಮ್ಮ. "ಹೆಂಗಸರಿಗೆ ಮೂತ್ರದ ದಾರಿ ಗಿಡ್ಡ, ಸುಲಭಕ್ಕೆ ಒಳಗೆ ಹೋಗ್ತವೆ. ನೀರು ಕುಡಿದು ಆಗಾಗ ಹೋಗ್ತಿದ್ರೆ ಕೊಚ್ಕೊಂಡು ಹೋಗ್ತವೆ. ಕಟ್ಕೊಂಡು ಕೂತ್ರೆ ಅಲ್ಲೇ ಬೆಳೀತವೆ. ಉರಿ ನಿಂತ್ರೂ ಮಾತ್ರೆ ಪೂರ್ತಿ ಮುಗಿಸ್ಬೇಕು. ಚಳಿಜ್ವರ, ಬೆನ್ನು ನೋವು ಬಂದ್ರೆ ಕಿಡ್ನಿಗೆ ಏರಿದೆ ಅಂತ ಲೆಕ್ಕ, ತಡ ಮಾಡ್ದೆ ಬನ್ನಿ."

ಸುಬ್ಬತ್ತೆ ನೆಲ ನೋಡುತ್ತ ತಲೆಯಾಡಿಸಿದಳು. ಹೊರಗೆ ಕೂತವರಿಗೆಲ್ಲ ಕೇಳಿಸಿತಲ್ಲ ಎಂಬುದೊಂದೇ ಅವಳ ಚಿಂತೆ.

ಉರಿ ನಿಂತಿತು, ಅದರ ಜೊತೆಗೇ ಮಾತ್ರೆಯೂ ನಿಂತಿತು. ಉಳಿದದ್ದನ್ನು ಮುಂದಿನ ಸಲಕ್ಕೆಂದು ಸಾಸಿವೆ ಡಬ್ಬಿಯ ಹಿಂದೆ ಎತ್ತಿಟ್ಟಳು. ಇಂಗ್ಲಿಷ್ ಮಾತ್ರೆ ಮೈಗೆ ಉಷ್ಣವಂತೆ! ಮುಂದಿನ ಸಲ ಬಂದಾಗ ಅದರಲ್ಲೇ ಒಂದೆರಡು ನುಂಗಿದಳು, ಅದರ ಮುಂದಿನ ಸಲವೂ ಅಷ್ಟೇ. ಹೀಗೆ ಅರ್ಧಂಬರ್ಧ ನುಂಗಿದರೆ ಉಳಿದ ಕ್ರಿಮಿ ಗಟ್ಟಿಯಾಗುತ್ತದೆ, ಆಮೇಲೆ ಯಾವ ಮಾತ್ರೆಗೂ ಬಗ್ಗುವುದಿಲ್ಲ ಎಂದು ಫೋನಿನಲ್ಲಿ ಬಾಯಿ ಬಡಿದುಕೊಂಡೆ. "ಆತು ಮಾರಾಯ್ತಿ, ನುಂಗ್ತೆ" ಎನ್ನುತ್ತಿದ್ದಳು. ನುಂಗುತ್ತಿರಲಿಲ್ಲ.

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಯಜ್ಞೇಶನ ಮನೆಯಲ್ಲಿ ಅವನ ಅಪ್ಪ ನಾರಾಯಣಯ್ಯನ ತಿಥಿ ಬಂತು. ಹಿಂದಿನ ದಿನದಿಂದಲೇ ಅವಳಿಗೆ ಮೈ ಸುಡುತ್ತಿತ್ತಂತೆ, ಯಾರಿಗೂ ಹೇಳಲಿಲ್ಲ. ಎಲೆ ಹಾಕಿ ಎಲ್ಲರೂ ಕಾದಿದ್ದಾಗ ಪಾಯಸದ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತು ಯಜ್ಞೇಶನನ್ನು ಕೇಳಿದಳು.

"ನಿನ್ನ ಅಪ್ಪ ಎಲ್ಲಿ ಮಾರಾಯ? ಊಟಕ್ಕೆ ಕರಿ, ಪಾಯಸ ಆರ್ತದೆ."

ಪುರೋಹಿತರ ಬಾಯಲ್ಲಿ ಮಂತ್ರ ನಿಂತುಹೋಯಿತಂತೆ. ಯಜ್ಞೇಶನ ಹೆಂಡತಿ ಅಳತೊಡಗಿದಳಂತೆ. ಸುಬ್ಬತ್ತೆಯನ್ನು ಆಟೋ ಹತ್ತಿಸಿ ಕಿಗ್ಗಕ್ಕೆ ಕಳಿಸಿದರು. ವಯಸ್ಸಾತಲ, ಅರಳುಮರಳು ಎಂದು ಅಪ್ಪನೂ ಅವಳನ್ನು ಒಳಗೆ ಚಾಪೆಯ ಮೇಲೆ ಮಲಗಿಸಿ ಸುಮ್ಮನಾದ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಗಡಗಡ ನಡುಗುತ್ತಿದ್ದಳು. ನನ್ನನ್ನು ನೋಡಿ "ಅಮ್ಮಾ" ಎಂದಳು.

ಅಪ್ಪನನ್ನೂ ಕರೆದುಕೊಂಡು ಅವಳನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ಸೋಂಕು ಕಿಡ್ನಿಗೆ ಏರಿ ರಕ್ತಕ್ಕೂ ಸೇರಿತ್ತು. ವಯಸ್ಸಾದವರಿಗೆ ಹೀಗಾದಾಗ ಬುದ್ಧಿ ತಪ್ಪಿದಂತಾಗುತ್ತದೆ, ಸೋಂಕು ಇಳಿದರೆ ಹೆಚ್ಚಿನವರಿಗೆ ಅದೂ ತಿಳಿಯಾಗುತ್ತದೆ ಎಂದು ಅಲ್ಲಿನ ಡಾಕ್ಟರು ಅಪ್ಪನ ಎದುರಿಗೇ ಬಿಡಿಸಿ ಹೇಳಿದರು. ಮೂತ್ರ ಪರೀಕ್ಷೆ ಮಾಡಿದರೆ ಹಳೆಯ ಮಾತ್ರೆ ಯಾವುದೂ ನಾಟುವಂತಿರಲಿಲ್ಲ, ಇಂಜೆಕ್ಷನ್ ಒಂದೇ ದಾರಿ. ಕೊನೆಗೂ ಜ್ವರ ಬಿಟ್ಟಿತು. ಕಿಡ್ನಿ ಮಾತ್ರ ಮೊದಲಿನಂತಾಗಲಿಲ್ಲ. ಬುದ್ಧಿ ತಿಳಿಯಾದ ದಿನ ಅವಳು ಕೇಳಿದ್ದು, "ನಾರ್ವೆಲಿ ಪಾಯಸ ಬಡಿಸಿದ್ರಾ?"

ಆಮೇಲೆ ಅವಳನ್ನು ಯಾರೂ ಅಡುಗೆಗೆ ಕರೆಯಲಿಲ್ಲ. ಫೋನು ಸದ್ದಾದರೆ ಸಾಕು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದಳು. ನೋಡಲಾಗದೆ, ಒಂದೊಂದು ಮನೆಗೂ ಫೋನ್ ಮಾಡಿ ನಿಜ ಹೇಳುತ್ತೇನೆ ಎಂದೆ. ಅವಳು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ಬ್ಯಾಡ ಕೂಸೇ. ಮೂತ್ರದ ಕಾಯಿಲೆ ಅಂದ್ರೆ ಮಡಿ ಅಡುಗೆಗೆ ಯಾರು ಕರೀತಾರೆ? ಅರಳುಮರಳು ಅಂತ್ಲೇ ಇರ್ಲಿ. ಅದಾದ್ರೆ ನಾಳೆ ಮರ್ತಾರು."

ಎಂಥ ಮಡಿ, ಎಂಥ ಮರ್ಯಾದೆ ಎಂದು ಕೂಗಾಡಿದೆ. ಮನಸ್ಸಿನೊಳಗೆ ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು.

ಅಜ್ಜಿಯ ತಿಥಿ ಬಂತು, ಎಂದರೆ ಸುಬ್ಬತ್ತೆಯ ಹೆತ್ತಮ್ಮನದು. ಅಡುಗೆ ವರ್ಷವೂ ಅವಳದೇ. ಆವತ್ತು ಬೆಳಗ್ಗೆ ಮಿಂದು ಮಡಿಯುಟ್ಟು ಬಂದಳು. ಮುಖದಲ್ಲಿ ಎಷ್ಟೋ ತಿಂಗಳ ನಂತರ ಒಂದು ಕಳೆ ಇತ್ತು. ಅಡುಗೆಮನೆಯಲ್ಲಿ ಶೆಟ್ಟಿಕೊಪ್ಪದ ಹೆಂಗಸೊಬ್ಬಳು ಆಗಲೇ ಒಲೆ ಹಚ್ಚಿ ಉದ್ದು ರುಬ್ಬಲು ಕೂತಿದ್ದಳು.

"ಬೇರೆಯವರಿಗೆ ಹೇಳಿದ್ದೆ. ನೀ ಕೂತ್ಕ ಅಕ್ಕ" ಎಂದ ಅಪ್ಪ, ದರ್ಭೆ ಜೋಡಿಸುತ್ತ.

"ನನ್ನ ಬುದ್ಧಿಗೆ ಎಂತದೂ ಆಗಿಲ್ಲಲ ತಮ್ಮ. ಡಾಕ್ಟ್ರು ಹೇಳಿದ್ದನ್ನ ನೀನೇ ಕೇಳಿದ್ದೆಯಲ."

"ಕೇಳಿದ್ದೆ" ಎಂದ ಅಪ್ಪ. "ಅದಕ್ಕೇ."

ಮಡಿಯಲ್ಲಿದ್ದವರು ಯಾರನ್ನೂ ಮುಟ್ಟಬಾರದು. ಸುಬ್ಬತ್ತೆ ಬಂದು ನನ್ನ ಪಕ್ಕ ಕೂತು, ಎಲ್ಲರೂ ನೋಡುತ್ತಿದ್ದಂತೆ, ಎರಡೂ ಕೈಗಳಿಂದ ನನ್ನ ಕೈ ಹಿಡಿದುಕೊಂಡಳು.